ಒಂದೇ ಮಳೆ, ಎರಡು ಮಣ್ಣು



ಬೀದರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 850 ಮಿ.ಮೀ. ಇದರ ಬಹುಪಾಲು ಜೂನ್‌ನಿಂದ ಸಪ್ಟೆಂಬರ್‌ವರೆಗೆ ಬೀಳುತ್ತದೆ. ಆದರೆ ಎಲ್ಲ ಹೊಲಗಳೂ ಈ ನೀರನ್ನು ಒಂದೇ ರೀತಿ ಹಿಡಿದಿಡಲಾರವು.

ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಇಲ್ಲಿಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಕೆಳಗಿಳಿಯುತ್ತದೆ. ನಗರದ ಹಳೆಯ ಸುರಂಗ ಬಾವಿಗಳಿಗೆ ಇದೇ ಸೆಲೆ. ಹತ್ತು ದಿನ ಮಳೆ ತಡೆದರೆ ಮಾತ್ರ ಬೆಳೆ ಬಾಡುತ್ತದೆ. ಭಾಲ್ಕಿ, ಔರಾದ ಕಡೆಯ ಎರೆಭೂಮಿ ಹಸಿಯನ್ನು ಬಹುಕಾಲ ಕಾಯುತ್ತದೆ. ಆದರೆ ನೀರು ನಿಂತರೆ ಸೋಯಾ, ಉದ್ದಿನ ಬೇರು ಉಸಿರುಗಟ್ಟಿ ಎಲೆ ಹಳದಿಯಾಗುತ್ತದೆ.

ಆದ್ದರಿಂದ ಕೆಂಪು ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿರಿ. ಎರೆಯಲ್ಲಿ ಬಸಿಗಾಲುವೆ ತೆಗೆಯಿರಿ. ಉದ್ದು ಕೊಯ್ದ ಮೇಲೆ ಉಳಿದ ಹಸಿಯಲ್ಲಿ ಹಿಂಗಾರಿ ಜೋಳ, ಕಡಲೆ ಬರುತ್ತವೆ.

ನೆರೆಹೊಲದವರು ಕೂರಿಗೆ ಹೂಡಿದರೆಂದು ಅವಸರ ಬೇಡ. ಗೇಣುದ್ದ ಅಗೆದು ಹಸಿ ನೋಡಿ ಬಿತ್ತಿರಿ. ಒಮ್ಮೆ ಕಮರಿದ ಬೀಜಕ್ಕೆ ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ.