ಪಾಟೀಸವಾಲಿಗೆ ಹರಿತ ತಂದ ಬ್ಯಾರಿಸ್ಟರ್

ಕಟಕಟೆಯಲ್ಲಿ ನಿಂತ ಸಾಕ್ಷಿಯನ್ನು ವಕೀಲರು ಪ್ರಶ್ನೆಗಳ ಸುರಿಮಳೆಯಿಂದ ತಬ್ಬಿಬ್ಬುಗೊಳಿಸುವ ದೃಶ್ಯ ನಮ್ಮ ಚಲನಚಿತ್ರಗಳಲ್ಲಿ ಸಾಮಾನ್ಯ. ಕ್ರಿಮಿನಲ್ ಮೊಕದ್ದಮೆ ಎಂದರೆ ಇದೇ ಎಂದು ಎಲ್ಲರೂ ಭಾವಿಸುವಷ್ಟು ಅದು ಪರಿಚಿತ. ಆದರೆ ಈ ಪದ್ಧತಿಯ ತವರಾದ ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷಗಳ ಹಿಂದೆ ಕಳವು, ದರೋಡೆ, ಕೊಲೆಯ ಆರೋಪ ಹೊತ್ತವರ ಪರವಾಗಿ ವಕೀಲರು ನಿಲ್ಲುವಂತೆಯೇ ಇರಲಿಲ್ಲ. ನಿರಪರಾಧಿಗೆ ಸತ್ಯ ಹೇಳಲು ವಿದ್ಯೆ ಬೇಕಿಲ್ಲ, ನ್ಯಾಯಾಧೀಶರೇ ಅವನ ವಕೀಲರು ಎಂಬುದು ಅಂದಿನ ವಾದವಾಗಿತ್ತು.

ಕೇಳಲು ಸೊಗಸಾದ ಈ ವಾದದ ಫಲ ಮಾತ್ರ ಘೋರವಾಗಿತ್ತು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಎಷ್ಟೋ ವಿಚಾರಣೆಗಳು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಸುಮಾರು 200 ಅಪರಾಧಗಳಿಗೆ ಮರಣದಂಡನೆ ಇತ್ತು. ಮನೆಯೊಳಗಿನಿಂದ 40 ಷಿಲಿಂಗ್ ಬೆಲೆಯ ವಸ್ತು ಕದ್ದರೂ ಗಲ್ಲು. ಕರುಣೆ ಹುಟ್ಟಿದಾಗ ಜ್ಯೂರಿಗಳು ಕಳವಾದ ಮಾಲಿನ ಬೆಲೆ 39 ಷಿಲಿಂಗ್ ಎಂದು ತೀರ್ಮಾನಿಸಿ ಜೀವ ಉಳಿಸುತ್ತಿದ್ದುದೂ ಉಂಟು.

ಇದರ ಜೊತೆಗೆ ಬಹುಮಾನದ ಆಮಿಷ. ಹೆದ್ದಾರಿ ದರೋಡೆಕೋರನಿಗೆ ಶಿಕ್ಷೆಯಾದರೆ ಹಿಡಿದುಕೊಟ್ಟವರಿಗೆ ಸರ್ಕಾರ 40 ಪೌಂಡ್ ಕೊಡುತ್ತಿತ್ತು. ಮನೆಗೆಲಸದ ಹೆಣ್ಣೊಬ್ಬಳಿಗೆ ಅದು ಹಲವು ವರ್ಷಗಳ ಸಂಬಳ. ಹೀಗಾಗಿ ಕಳ್ಳರನ್ನು ಹಿಡಿಯುವುದನ್ನೇ ಕಸುಬು ಮಾಡಿಕೊಂಡವರು ಹುಟ್ಟಿಕೊಂಡರು. ಮ್ಯಾಕ್‌ಡೇನಿಯಲ್ ಎಂಬಾತನ ತಂಡ ಹುಡುಗರನ್ನು ತಾನೇ ದರೋಡೆಗೆ ಹಚ್ಚಿ, ಬಳಿಕ ಅವರನ್ನು ಗಲ್ಲಿಗೆ ಒಪ್ಪಿಸಿ ಹಣ ಎಣಿಸಿಕೊಳ್ಳುತ್ತಿದ್ದುದು 1754ರಲ್ಲಿ ಬಯಲಾಯಿತು. ಇಂಥ ಸಾಕ್ಷಿಗಳ ಮಾತನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಹೀಗೆ ಎದ್ದಿತು.

1730ರ ದಶಕದಿಂದ ನ್ಯಾಯಾಧೀಶರು ಆರೋಪಿಗಳ ವಕೀಲರಿಗೆ ಬಾಗಿಲನ್ನು ಸ್ವಲ್ಪವೇ ತೆರೆದಿದ್ದರು. ವಕೀಲರು ಸಾಕ್ಷಿಗಳಿಗೆ ಪಾಟೀಸವಾಲು ಹಾಕಬಹುದು. ಆದರೆ ಜ್ಯೂರಿಯನ್ನು ಉದ್ದೇಶಿಸಿ ಭಾಷಣ ಮಾಡುವಂತಿಲ್ಲ. ಈ ಕಿರುಬಾಗಿಲಿನಲ್ಲೇ ನುಗ್ಗಿ ಹೆಸರು ಮಾಡಿದಾತ ವಿಲಿಯಂ ಗ್ಯಾರೋ.

1760ರಲ್ಲಿ ಶಾಲಾ ಮಾಸ್ತರರೊಬ್ಬರ ಮಗನಾಗಿ ಹುಟ್ಟಿದ ಗ್ಯಾರೋ, ಹದಿಹರೆಯದಲ್ಲೇ ಅಟಾರ್ನಿಯೊಬ್ಬರ ಕಚೇರಿಯಲ್ಲಿ ಕೆಲಸ ಕಲಿತ. 1783ರಲ್ಲಿ ಬ್ಯಾರಿಸ್ಟರ್ ಆಗಿ, ಮುಂದಿನ ಹತ್ತು ವರ್ಷ ಓಲ್ಡ್ ಬೇಲಿಯಲ್ಲಿ ಮೆರೆದ. ಕಕ್ಷಿದಾರನ ಕಾಗದಪತ್ರ ಸಿದ್ಧಪಡಿಸುವುದು ಅಟಾರ್ನಿಯ ಕೆಲಸವಾದರೆ, ನ್ಯಾಯಾಲಯದಲ್ಲಿ ನಿಂತು ವಾದಿಸುವುದು ಬ್ಯಾರಿಸ್ಟರನ ಕೆಲಸ. ಭಾಷಣಕ್ಕೆ ಅವಕಾಶವಿಲ್ಲದ ಗ್ಯಾರೋ ತಾನು ಹೇಳಬೇಕಾದುದನ್ನೆಲ್ಲ ಪ್ರಶ್ನೆಗಳಲ್ಲೇ ಅಡಗಿಸಿ ಕೇಳುತ್ತಿದ್ದ. ಈ ಆರೋಪಿ ಗಲ್ಲಿಗೇರಿದರೆ ಬಹುಮಾನದಲ್ಲಿ ನಿಮ್ಮ ಪಾಲೆಷ್ಟು ಎಂಬ ಬಗೆಯ ಪ್ರಶ್ನೆ ಬಂದರೆ ಸಾಕು, ಸಾಕ್ಷಿ ಏನು ಉತ್ತರ ಕೊಟ್ಟರೂ ಜ್ಯೂರಿಗೆ ವಿಷಯ ಅರ್ಥವಾಗುತ್ತಿತ್ತು.

1791ರ ಕೊಲೆ ಮೊಕದ್ದಮೆಯೊಂದರಲ್ಲಿ, ಅಪರಾಧ ಸಾಬೀತಾಗುವವರೆಗೆ ಪ್ರತಿಯೊಬ್ಬನನ್ನೂ ನಿರಪರಾಧಿ ಎಂದೇ ಭಾವಿಸಬೇಕೆಂದು ಆತ ವಾದಿಸಿದ. ಈ ತತ್ತ್ವ ಅದಕ್ಕಿಂತ ಹಳೆಯದೇ. ಆದರೂ ಇಂಗ್ಲಿಷ್ ನ್ಯಾಯಾಲಯದಲ್ಲಿ ಅದನ್ನು ಇಷ್ಟು ಸ್ಪಷ್ಟವಾಗಿ ಆಡಿದವರಲ್ಲಿ ಮೊದಲಿಗರ ಪೈಕಿ ಗ್ಯಾರೋನ ಹೆಸರು ಬರುತ್ತದೆ. ಇಂಥ ವಕೀಲರಿಂದಾಗಿ ವಿಚಾರಣೆಯ ದಿಕ್ಕೇ ಬದಲಾಯಿತು. ಆರೋಪಿ ತನ್ನನ್ನು ಸಮರ್ಥಿಸಿಕೊಳ್ಳಬಲ್ಲನೇ ಎಂಬುದರ ಬದಲು, ಆರೋಪ ಹೊರಿಸಿದವರು ಅದನ್ನು ಸಾಬೀತುಪಡಿಸಬಲ್ಲರೇ ಎಂಬುದು ಮುಖ್ಯವಾಯಿತು.

ಗ್ಯಾರೋನ ವೃತ್ತಿ ಆರೋಪಿಗಳ ರಕ್ಷಣೆಗೆ ಮೀಸಲಾಗಿರಲಿಲ್ಲ. ಆತ ಫಿರ್ಯಾದಿಗಳ ಪರವಾಗಿಯೂ ವಾದಿಸಿದ. 1793ರಲ್ಲಿ ಕಿಂಗ್ಸ್ ಕೌನ್ಸೆಲ್ ಆದ. ಟ್ರಿನಿಡಾಡ್‌ನಲ್ಲಿ ಗವರ್ನರ್ ಆಗಿದ್ದ ಥಾಮಸ್ ಪಿಕ್ಟನ್, ಕಳವಿನ ಶಂಕೆಯ ಮೇಲೆ ಲೂಯಿಸಾ ಕಾಲ್ಡೆರಾನ್ ಎಂಬ ಎಳೆಯ ಹುಡುಗಿಗೆ ಚಿತ್ರಹಿಂಸೆ ಕೊಡಿಸಿದ್ದಕ್ಕಾಗಿ 1806ರಲ್ಲಿ ವಿಚಾರಣೆಗೆ ಒಳಗಾದಾಗ, ಆತನ ವಿರುದ್ಧ ವಾದ ಮಂಡಿಸಿದವನೂ ಗ್ಯಾರೋ. ಮುಂದೆ ಸಂಸತ್ ಸದಸ್ಯ, 1813ರಲ್ಲಿ ಅಟಾರ್ನಿ ಜನರಲ್, 1817ರಲ್ಲಿ ನ್ಯಾಯಾಧೀಶ. ವಿಚಿತ್ರವೆಂದರೆ, ಅಧಿಕಾರಕ್ಕೆ ಬಂದ ಮೇಲೆ ಸ್ಯಾಮ್ಯುಯೆಲ್ ರೊಮಿಲಿಯ ಕಾನೂನು ಸುಧಾರಣೆಗಳನ್ನು ವಿರೋಧಿಸಿದವರ ಸಾಲಿನಲ್ಲಿ ಆತನೂ ಇದ್ದ.

ಆರೋಪಿಯ ವಕೀಲ ಜ್ಯೂರಿಯೊಡನೆ ನೇರವಾಗಿ ಮಾತನಾಡುವ ಹಕ್ಕು 1836ರ ಕಾಯ್ದೆಯಿಂದ ಬಂತು. ಆ ವೇಳೆಗೆ ನಿವೃತ್ತನಾಗಿದ್ದ ಗ್ಯಾರೋ 1840ರಲ್ಲಿ ತೀರಿಕೊಂಡ. ಜನ ಆತನನ್ನು ಮರೆತೇಬಿಟ್ಟಿದ್ದರು. ಓಲ್ಡ್ ಬೇಲಿಯ ಹಳೆಯ ವರದಿಗಳು ಗಣಕಯಂತ್ರದಲ್ಲಿ ಎಲ್ಲರಿಗೂ ದೊರಕುವಂತಾಗಿ, 2009ರಲ್ಲಿ ಬಿಬಿಸಿ ಆತನ ಕುರಿತು ಧಾರಾವಾಹಿ ಪ್ರಸಾರ ಮಾಡಿದ ಮೇಲೆ ಹೆಸರು ಮತ್ತೆ ಕೇಳಿಬಂತು.

ನಮ್ಮ ನ್ಯಾಯಾಲಯಗಳ ಪಾಟೀಸವಾಲು ಈ ಇಂಗ್ಲಿಷ್ ಪರಂಪರೆಯಿಂದಲೇ ಬಂದದ್ದು. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರಲ್ಲಿ ಹೊಸ ಕಾಯ್ದೆ ಜಾರಿಯಾದರೂ ಆ ಪದ್ಧತಿ ಉಳಿದಿದೆ. ಬಂಧಿತನು ತನಗೆ ಬೇಕಾದ ವಕೀಲರ ನೆರವು ಪಡೆಯುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ.

ಹಕ್ಕು ಕಾಗದದ ಮೇಲಿದ್ದರೆ ಸಾಲದು, ವಕಾಲತ್ತು ವಹಿಸುವವರು ಬೇಕು. ಆರೋಪಿಯೊಬ್ಬನ ಪರ ಯಾರೂ ವಾದಿಸಬಾರದೆಂದು ವಕೀಲರ ಸಂಘಗಳು ಕೈಗೊಳ್ಳುವ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ಆದರೂ 2020ರಲ್ಲಿ, ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರದ ವಿದ್ಯಾರ್ಥಿಗಳ ಪರ ವಾದಿಸುವುದಿಲ್ಲವೆಂದು ಹುಬ್ಬಳ್ಳಿಯ ವಕೀಲರ ಸಂಘ ನಿರ್ಣಯಿಸಿತು. ಕರ್ನಾಟಕ ಹೈಕೋರ್ಟ್ ಅದನ್ನು ಆಕ್ಷೇಪಿಸಬೇಕಾಯಿತು. ಊರೆಲ್ಲ ಅಪರಾಧಿಯೆಂದು ತೀರ್ಮಾನಿಸಿದವನ ಪಕ್ಕದಲ್ಲಿ ಕಪ್ಪು ಕೋಟು ತೊಟ್ಟ ಒಬ್ಬರಾದರೂ ನಿಂತು ಪ್ರಶ್ನೆ ಕೇಳಲೇಬೇಕು. ಆರೋಪ ನಿಜವೋ ಸುಳ್ಳೋ ಎಂಬುದು ತಿಳಿಯುವುದು ಆ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ.