ಎಬಿಎಸ್ ದೀಪ ಆರದಿದ್ದರೆ?

ಉಮರ್ಗಾದಿಂದ ಸೋಲಾಪುರ-ಹೈದರಾಬಾದ್ ಹೆದ್ದಾರಿಗೆ ಬೈಕ್ ಏರಿಸುವ ಮುನ್ನ ಮೀಟರ್ ನೋಡಿ. ಕೀ ತಿರುಗಿಸಿದಾಗ ಹಳದಿ ಎಬಿಎಸ್ ದೀಪ ಹತ್ತಬೇಕು, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಆರಲಿಲ್ಲವೇ? ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೈಕೊಟ್ಟಿದೆ. ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಹಿಡಿಯುತ್ತೆ, ಆದರೆ ಗಾಬರಿಯಲ್ಲಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು.

ಚಕ್ರದ ಪಕ್ಕ ತೂತುಗಳಿರುವ ಒಂದು ಬಳೆ, ಅದರೆದುರು ಪುಟ್ಟ ಸೆನ್ಸರ್. ಚಕ್ರದ ವೇಗ ಅಳೆಯುವುದು ಅದೇ. ನಮ್ಮ ಎರೆಮಣ್ಣು ಅಲ್ಲಿ ಮೆತ್ತಿಕೊಂಡರೂ, ವೈರ್ ಸಡಿಲಾದರೂ ದೀಪ ಹತ್ತಬಹುದು. ಮೊದಲು ತೊಳೆದು ನೋಡಿ, ಆಗಲೂ ಆರದಿದ್ದರೆ ಶೋರೂಮಿಗೆ ಒಯ್ಯಿರಿ. ಹಾಂ, ಜೋರಾಗಿ ಬ್ರೇಕ್ ಹಿಡಿದಾಗ ಲಿವರ್ ಟಕಟಕ ನಡುಗಿದರೆ ಅದು ದೋಷವಲ್ಲ, ಎಬಿಎಸ್ ಕೆಲಸ ಮಾಡ್ತಿದೆ. ಕೈ ಬಿಡಬೇಡಿ.

ಶೋರೂಮಿನವರು "ಎಲ್ಲಾ ಗಾಡೀನೂ ಹಿಂಗೇ" ಅಂದರೆ? ದೀಪದ ವಿಡಿಯೊ ತೆಗೀರಿ, ಜಾಬ್ ಕಾರ್ಡಿನಲ್ಲಿ ದೂರು ಬರೆಸಿ. ಬಾಯಿಮಾತು ನಡೆಯಲ್ಲ. ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ಉಮರ್ಗಾದವರಿಗೆ ಧಾರಾಶಿವ, ನಿಲಂಗಾ-ಉದಗೀರದವರಿಗೆ ಲಾತೂರು. ಗಾಡಿ ಕೊಂಡದ್ದು ಬೀದರಿನಲ್ಲಾದರೂ ಸರಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ.

ಇನ್ನೊಂದು ದಾರಿ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕುವುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಏಳು ವರ್ಷದೊಳಗಿನ ಒಂದೇ ಮಾದರಿಯ ಗಾಡಿಗಳ ಮೇಲೆ ದೂರು ನಿಗದಿತ ಸಂಖ್ಯೆ ಮುಟ್ಟಿದರೆ, ತನಿಖೆ ನಡೆಸಿ ಅವನ್ನು ವಾಪಸ್ ಕರೆಸಿಕೊಳ್ಳಿ ಎಂದು ಕಂಪನಿಗೆ ಸರ್ಕಾರವೇ ಆದೇಶಿಸಬಹುದು.