ಜೋಡಿ ಸಿಗದ 4 ಟಿಬಿ

ಯಲಚೇನಹಳ್ಳಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ಹತ್ತಿರ. ಅಲ್ಲಿಂದ 4 ಟಿಬಿ ಹಾರ್ಡ್‌ಡಿಸ್ಕೊಂದನ್ನು ತಂದು ಜರಗನಹಳ್ಳಿಯ ನಮ್ಮ ಮನೆಯ ಹಳೇ ಲಿನಕ್ಸ್ ಪಿಸಿಗೆ ಸಿಕ್ಕಿಸಿದೆ. ಒಳಗಿದ್ದ 2 ಟಿಬಿಯ ಎರಡು ಡಿಸ್ಕು ಮನೆಯವರ ಫೋಟೊ, ವಿಡಿಯೊ ತುಂಬಿ ಕುತ್ತಿಗೆಮಟ್ಟ ಬಂದಿದ್ದವು. 'ಡಿವೈಸ್ ಆ್ಯಡ್' ಕಮಾಂಡ್ ಕೊಟ್ಟೆ, ಕ್ಷಣದಲ್ಲಿ ಸೇರಿತು. 'ಫೈಲ್‌ಸಿಸ್ಟಂ ಯೂಸೇಜ್' ಪಟ್ಟಿಯಲ್ಲಿ ಹೊಸ ಡಿಸ್ಕಿನ ಎದುರು 3.64 ಖಾಲಿ ಅಂತ ಬಂತು. (ಅಂಗಡಿಯವರು ಮೋಸ ಮಾಡಿಲ್ಲ. ಅವರ ಟಿಬಿಯಲ್ಲಿ ಸಾವಿರದ ಲೆಕ್ಕ, ಪಟ್ಟಿಯಲ್ಲಿ 1024ರ ಲೆಕ್ಕ.) ಖುಷಿಯಲ್ಲಿ 20 ಜಿಬಿಯ ಮದುವೆ ವಿಡಿಯೊ ಹಾಕಿದರೆ ಅರ್ಧಕ್ಕೇ ನಿಂತು, ಜಾಗವಿಲ್ಲ ಎಂದಿತು!

ಕಾರಣ ಆ ಪಿಸಿಯಲ್ಲಿರುವ ಬಿಟಿಆರ್‌ಎಫ್‌ಎಸ್ ಜಾಗ ಹಂಚುವ ರೀತಿ. 2009ರಲ್ಲಿ ಲಿನಕ್ಸ್ ಕರ್ನೆಲ್ ಸೇರಿದ ಈ ಫೈಲ್‌ಸಿಸ್ಟಂ ಡಿಸ್ಕನ್ನು ಇಡಿಯಾಗಿ ನೋಡುವುದಿಲ್ಲ. ಡೇಟಾಕ್ಕೆ ಸಾಮಾನ್ಯವಾಗಿ 1 ಜಿಬಿಯ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ನಮ್ಮಂತೆ ರೇಯ್ಡ್-1 ಇಟ್ಟಿದ್ದರೆ ಪ್ರತಿ ತುಂಡಿಗೂ ಎರಡು ಪ್ರತಿ, ಎರಡೂ ಬೇರೆ ಬೇರೆ ಡಿಸ್ಕಿನಲ್ಲಿ. ಡಿಸ್ಕು ಮೂರಿರಲಿ ಆರಿರಲಿ, ಪ್ರತಿ ಎರಡೇ. ಯಾವ ಎರಡರಲ್ಲಿ ಹೆಚ್ಚು ಖಾಲಿಯಿದೆಯೋ ಅವಕ್ಕೆ ನೊಗ ಕಟ್ಟುತ್ತದೆ. ನಮ್ಮಲ್ಲಿ ಹೊಸ ಎತ್ತು ಎಷ್ಟೇ ದಷ್ಟಪುಷ್ಟವಾಗಿದ್ದರೂ ಪಕ್ಕದಲ್ಲಿ ನಿಲ್ಲಲು ಇನ್ನೊಂದಿರಲಿಲ್ಲ. ಹಳೆಯವೆರಡರಲ್ಲಿ ಉಳಿದಿದ್ದ ನಾಲ್ಕಾರು ಜಿಬಿ ಮುಗಿದದ್ದೇ ಕಾಪಿ ನಿಂತಿತು.

ಪರಿಹಾರ 'ಬ್ಯಾಲೆನ್ಸ್'. ಹಳೆಯ ಎರಡು ಡಿಸ್ಕಿನಲ್ಲೂ ಇರುವ ಒಂದು ತುಂಡನ್ನು ಅದು ಎತ್ತಿಕೊಂಡು, ಒಂದು ಪ್ರತಿಯನ್ನು ಹೊಸದರಲ್ಲಿ, ಇನ್ನೊಂದನ್ನು ಹಳೆಯದೊಂದರಲ್ಲಿ ಬರೆಯುತ್ತದೆ. ಆಮೇಲೆ ಮೊದಲಿನ ಎರಡೂ ಜಾಗ ಬಿಡಿಸುತ್ತದೆ. ಹೀಗೆ ಹಳೆಯವುಗಳಲ್ಲಿ ತುಂಡಿಗೆ 1 ಜಿಬಿ ಉಳಿತಾಯ. ಆದರೆ ಮೊದಲ ಹೆಜ್ಜೆಗೆ ಹಳೇ ಡಿಸ್ಕಿನಲ್ಲಿ ಒಂದು ತುಂಡಿನಷ್ಟಾದರೂ ಖಾಲಿ ಬೇಕು. ಪೂರ್ತಿ ತುಂಬಿಸಿಟ್ಟರೆ ಬ್ಯಾಲೆನ್ಸ್ ಕೂಡ ಜಾಗವಿಲ್ಲ ಎಂದೇ ಕೈಚೆಲ್ಲುತ್ತದೆ. ಅರ್ಧ ಬಂದಿದ್ದ ವಿಡಿಯೊ ಅಳಿಸಿದ್ದರಿಂದ ನಾನು ಬಚಾವಾದೆ. ಹತ್ತಿಪ್ಪತ್ತು ಜಿಬಿ ಯಾವ ತುಂಡಿಗೂ ಹಂಚದೆ ಉಳಿದಿರುವಾಗಲೇ ಹೊಸ ಡಿಸ್ಕು ಸೇರಿಸಿಬಿಡಿ.

ಕೊಳ್ಳುವ ಮುಂಚೆ ಮಾಡಬೇಕಾದ ಲೆಕ್ಕ ಸುಲಭ. ಎಲ್ಲ ಡಿಸ್ಕಿನ ಮೊತ್ತದ ಅರ್ಧ ಎಷ್ಟು? ಅತಿ ದೊಡ್ಡದನ್ನು ಬಿಟ್ಟು ಉಳಿದವುಗಳ ಮೊತ್ತ ಎಷ್ಟು? ಇವೆರಡರಲ್ಲಿ ಕಡಿಮೆಯದಷ್ಟೇ ನಿಮಗೆ ದಕ್ಕುವ ಜಾಗ. 4, 2, 2 ಇದ್ದರೆ ಎರಡೂ ಲೆಕ್ಕಕ್ಕೆ 4 ಟಿಬಿ, ಏನೂ ಪೋಲಿಲ್ಲ. 4, 1, 1 ಇದ್ದರೆ ಸಿಗುವುದು 2 ಮಾತ್ರ, ದೊಡ್ಡದರ ಅರ್ಧ ಸುಮ್ಮನೆ ಬಿದ್ದಿರುತ್ತದೆ. ಅಲ್ಲಿ ಒಂದು 1 ಟಿಬಿ ತೆಗೆದು 3 ಟಿಬಿ ಹಾಕಿದರೆ 4 ಆಗುತ್ತದೆ. ಹಾಗಾಗಿ ಇರುವವುಗಳಲ್ಲಿ ದೊಡ್ಡದನ್ನೇ ಇನ್ನೂ ದೊಡ್ಡದು ಮಾಡಲು ದುಡ್ಡು ಸುರಿಯುವುದು ದಡ್ಡತನ, ಸಣ್ಣದನ್ನು ಬದಲಿಸಿ. 'ರೀಪ್ಲೇಸ್' ಮಾಡಿದ ಮೇಲೆ 'ರೀಸೈಜ್' ಕೊಟ್ಟು ಗರಿಷ್ಠ ಅಳತೆ ಹೇಳದಿದ್ದರೆ ಹೊಸ ಡಿಸ್ಕನ್ನೂ ಹಳೆಯದರ ಅಳತೆಯಲ್ಲೇ ಬಳಸುತ್ತದೆ, ಅದೊಂದು ಮರೆಯಬೇಡಿ.

'ಸಿಂಗಲ್' ಎಂಬ ಬಗೆಯಲ್ಲಿ ಮೊತ್ತವಿಡೀ ಸಿಗುತ್ತದೆ ನಿಜ. ಆದರೆ ಒಂದು ಡಿಸ್ಕು ಕೆಟ್ಟರೆ ಅದರಲ್ಲಿದ್ದದ್ದು ಹೋಯಿತು. ರೇಯ್ಡ್-1 ಇದ್ದರೂ ತಪ್ಪಿ ಅಳಿಸಿದ ಫೋಟೊ ಎರಡೂ ಕಡೆಯಿಂದ ಒಟ್ಟಿಗೇ ಹೋಗುತ್ತದೆ. ಬ್ಯಾಕಪ್ ಬೇರೆಯೇ ಇರಬೇಕು.

ನಮ್ಮ ಬ್ಯಾಲೆನ್ಸ್‌ಗೆ ಸುಮಾರು 1,860 ತುಂಡು ಸರಿಸಲು ಒಂದೂವರೆ ದಿನ ಹಿಡಿಯಿತು. ನಡುವೆ ಎರಡು ಸಲ ಕರೆಂಟು ಹೋಯಿತು. ಮತ್ತೆ ಮೌಂಟ್ ಆದಾಗ ಉಳಿದದ್ದನ್ನು ತಾನೇ ಮುಂದುವರಿಸಿತು. ಕೊನೆಗೆ ಪಟ್ಟಿ ನೋಡಿದರೆ ಹಳೆಯವುಗಳ ಎದುರು 0.91, 0.91, ಹೊಸದರ ಎದುರು 1.82. ಮದುವೆ ವಿಡಿಯೊ ಎರಡನೇ ಸಲ ಹಾಕಿದೆ.